ವರ್ಷದ ದಿನಸಿ: ಮನೆಯೇ ಗೋದಾಮಾಗುವ ಲೆಕ್ಕಾಚಾರ

ಯುಗಾದಿಗೆ ಮುನ್ನಿನ ವಾರಗಳಲ್ಲಿ ಹಾವೇರಿ ಜಿಲ್ಲೆಯ ಬ್ಯಾಡಗಿ ಪೇಟೆಯಲ್ಲಿ ಎರಡು ಬಗೆಯ ಖರೀದಿದಾರರು ಕಾಣಸಿಗುತ್ತಾರೆ. ಸೋಮವಾರ ಮತ್ತು ಗುರುವಾರಗಳಂದು ಕೃಷಿ ಉತ್ಪನ್ನ ಮಾರುಕಟ್ಟೆಯ ಪ್ರಾಂಗಣದಲ್ಲಿ ಟೆಂಡರ್ ಬರೆದು ನೂರಾರು ಚೀಲ ಮೆಣಸಿನಕಾಯಿ ಎತ್ತುವ ಸಗಟು ವರ್ತಕರು ಮೊದಲನೆಯವರು. ಮಸಾಲೆ ಕಂಪನಿಗಳಿಗೂ, ಕಾಯಿಯಿಂದ ಬಣ್ಣದ ಸತ್ವ ತೆಗೆಯುವ ಓಲಿಯೋರೆಸಿನ್ ಕಾರ್ಖಾನೆಗಳಿಗೂ ಮಾಲು ಒದಗಿಸುವ ಇವರ ವಹಿವಾಟು ದಿನಪತ್ರಿಕೆಗಳ ಪೇಟೆ ಧಾರಣೆಯ ಅಂಕಣದಲ್ಲಿ ಪ್ರಕಟವಾಗುತ್ತದೆ. ಎರಡನೆಯವರು ಯಾವ ಅಂಕಣದಲ್ಲೂ ಬರುವುದಿಲ್ಲ. ಬಟ್ಟೆಯ ಚೀಲ ಹಿಡಿದು ಬರುವ ಇವರು ಗೃಹಸ್ಥರು. ಒಂದು ಹಿಡಿ ಕಾಯಿಯನ್ನು ಎತ್ತಿ ಅಲುಗಾಡಿಸಿ ಬೀಜದ ಸದ್ದು ಕೇಳುತ್ತಾರೆ. ಒಂದನ್ನು ಮುರಿದು ಮೂಸುತ್ತಾರೆ. ಸುಕ್ಕುಗಟ್ಟಿದ ಸಿಪ್ಪೆಯ ಕೆಂಪನ್ನು ಬಿಸಿಲಿಗೆ ಹಿಡಿದು ನೋಡುತ್ತಾರೆ. ಮನಸ್ಸಿಗೆ ಬಂದರೆ ಐದು ಕಿಲೋ, ಎಂಟು ಕಿಲೋ ತೂಗಿಸಿಕೊಳ್ಳುತ್ತಾರೆ. ಮುಂದಿನ ಯುಗಾದಿಯವರೆಗೆ ಆ ಮನೆಯ ಸಾರಿನ ಬಣ್ಣ ನಿರ್ಧಾರವಾಗುವುದು ಆ ಕ್ಷಣದಲ್ಲಿ.

ಮೆಚ್ಚಿನ ಪದಾರ್ಥವನ್ನು ಸುಗ್ಗಿಯಲ್ಲಿ ಒಮ್ಮೆಗೇ ತಂದು ವರ್ಷವಿಡೀ ಬಳಸುವ ಈ ಪದ್ಧತಿಯನ್ನು ಹಳೆಯ ಕಾಲದ ಗೃಹಿಣಿಯರ ಅಭ್ಯಾಸವೆಂದು ಬದಿಗಿರಿಸುವುದು ವಾಡಿಕೆಯಾಗಿದೆ. ಹತ್ತು ನಿಮಿಷದಲ್ಲಿ ಅರ್ಧ ಕಿಲೋ ಬೇಳೆಯನ್ನು ಮನೆಬಾಗಿಲಿಗೆ ತಲುಪಿಸುವ ಸೇವೆಗಳು ಬಂದ ಮೇಲಂತೂ, ದಾಸ್ತಾನು ಮಾಡುವ ಗಿರಾಕಿ ಇನ್ನು ಇರುವುದಿಲ್ಲ ಎಂದೇ ಹಲವು ವರ್ತಕ ಬಾಂಧವರು ಭಾವಿಸಿದ್ದಾರೆ. ಆದರೆ ಲೆಕ್ಕ ಹಿಡಿದು ನೋಡಿದಾಗ ವಸ್ತುಸ್ಥಿತಿ ಬೇರೆಯಾಗಿಯೇ ತೋರುತ್ತದೆ. ಕಿರಾಣಿ ವ್ಯಾಪಾರಕ್ಕೆ ಲಭ್ಯವಿರುವ ಗೋದಾಮುಗಳಲ್ಲೆಲ್ಲ ಅತ್ಯಂತ ಅಗ್ಗದ ಗೋದಾಮು ಗಿರಾಕಿಯ ಅಡುಗೆಮನೆಯೇ ಆಗಿದೆ. ಅದಕ್ಕೆ ಬಾಡಿಗೆಯಿಲ್ಲ, ಹಮಾಲಿಯಿಲ್ಲ, ಬ್ಯಾಂಕಿನ ಬಡ್ಡಿಯಿಲ್ಲ. ಅದನ್ನು ಕಳೆದುಕೊಂಡ ಅಂಗಡಿಯವನು ಆ ಮೂರರ ವೆಚ್ಚವನ್ನೂ ತಾನೇ ಹೊರಬೇಕಾಗುತ್ತದೆ.

ಹಗೇವಿನಿಂದ ಡಬ್ಬಿಯವರೆಗೆ

ಈ ನಾಡಿನಲ್ಲಿ ದಾಸ್ತಾನು ಮೊದಲಿಗೆ ರುಚಿಯ ಪ್ರಶ್ನೆಯಾಗಿರಲಿಲ್ಲ. ಬದುಕಿ ಉಳಿಯುವ ಪ್ರಶ್ನೆಯಾಗಿತ್ತು. ಹಳೆಯ ಮೈಸೂರು ಸೀಮೆಯಲ್ಲಿ ರಾಗಿಯನ್ನೂ, ಉತ್ತರದ ಬಯಲಿನಲ್ಲಿ ಜೋಳವನ್ನೂ ನೆಲದೊಳಗಿನ ಹಗೇವುಗಳಲ್ಲಿ ತುಂಬಿ, ಒಳಗೆ ಹುಲ್ಲು ಹಾಸಿ, ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿ ವರ್ಷಗಟ್ಟಲೆ ಇಡುತ್ತಿದ್ದರು. ಗಾಳಿಯಾಡದ ಗುಂಡಿಯಲ್ಲಿ ಕಾಳಿನ ಉಸಿರಾಟದಿಂದಲೇ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡು ಹುಳು ಬದುಕದಂತಾಗುತ್ತಿತ್ತು. ಅದೇ ಕಾರಣಕ್ಕೆ ಹಗೇವು ತೆರೆದ ಕೂಡಲೇ ಒಳಗಿಳಿದವರು ಉಸಿರುಗಟ್ಟಿ ಸತ್ತದ್ದೂ ಉಂಟು. ಮುಚ್ಚಳ ತೆಗೆದು ಗಾಳಿಯಾಡಲು ಬಿಟ್ಟು, ದೀಪವನ್ನು ಕೆಳಗಿಳಿಸಿ, ಅದು ಆರದಿದ್ದರೆ ಮಾತ್ರ ಇಳಿಯಬೇಕೆಂಬ ಕಟ್ಟಳೆಯಿತ್ತು. ಮನೆಯೊಳಗೆ ವಾಡೆ, ಗುಡಾಣ, ಕಣಜಗಳಿದ್ದವು. ಕರಾವಳಿಯಲ್ಲಿ ಅಕ್ಕಿಯನ್ನು ಬೈಹುಲ್ಲಿನಲ್ಲಿ ಬಿಗಿದು ಮುಡಿ ಕಟ್ಟುತ್ತಿದ್ದರು.

ಮಲೆನಾಡು ಮತ್ತು ಕರಾವಳಿಯ ಕಥೆ ಬೇರೆ. ಅಲ್ಲಿ ಹೆದರಿಕೆ ಬರಗಾಲದ್ದಲ್ಲ, ಮಳೆಗಾಲದ್ದು. ಆಷಾಢದ ಮಳೆ ಹಿಡಿದರೆ ಹೊಳೆ ದಾಟಿ ಪೇಟೆಗೆ ಹೋಗುವುದು ದುಸ್ತರವಾಗಿದ್ದ ದಿನಗಳಲ್ಲಿ, ಮೇ ತಿಂಗಳ ಕೊನೆಯೊಳಗೆ ಕುಚ್ಚಲಕ್ಕಿ, ಉಪ್ಪು, ಬೆಲ್ಲ, ಒಣಮೀನು, ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ ಎಲ್ಲವೂ ಮನೆ ಸೇರಬೇಕಿತ್ತು. ಸೌತೆಕಾಯಿಯನ್ನು ಬಾಳೆಯ ನಾರಿನಲ್ಲಿ ಕಟ್ಟಿ ಅಟ್ಟದ ತೊಲೆಗೆ ನೇತುಹಾಕುತ್ತಿದ್ದರು. ರಸ್ತೆ, ಸೇತುವೆಗಳು ಬಂದ ಮೇಲೂ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆ ನಿಷೇಧವಿರುವ ಕಾರಣ ಒಣಮೀನಿನ ಮಳೆಗಾಲದ ಬೇಡಿಕೆ ನಿಂತಿಲ್ಲ.

ದಾಸ್ತಾನೇ ಉತ್ಪಾದನೆಯಾಗುವ ಉದಾಹರಣೆಯೂ ನಮ್ಮಲ್ಲಿದೆ. ತಿಪಟೂರು ಸೀಮೆಯಲ್ಲಿ ಸಿಪ್ಪೆಸಹಿತ ಬಲಿತ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಸುಮ್ಮನೆ ಇಟ್ಟರೆ ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗುತ್ತದೆ. ಅಕ್ಕಿಯೂ ಹಾಗೆಯೇ. ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆ. ಆರು ತಿಂಗಳು, ವರ್ಷ ಕಳೆದ ಅಕ್ಕಿ ಉದುರುದುರಾಗಿ ಬೆಂದು ಒದಗಿ ಬರುತ್ತದೆ. ಗಂಗಾವತಿ, ಸಿಂಧನೂರು, ಮಾನ್ವಿ ಭಾಗದ ಸೋನಾ ಮಸೂರಿಯಲ್ಲಿ ಹಳೆಯದಕ್ಕೆ ಹೊಸದಕ್ಕಿಂತ ಹೆಚ್ಚಿನ ಬೆಲೆ ದೊರೆಯುವುದು ಇದೇ ಕಾರಣದಿಂದ. ಮನೆಯಲ್ಲಿ ಹೊಸ ಅಕ್ಕಿ ತಂದು ಹಳತು ಮಾಡಿಕೊಳ್ಳುವವರು ಆ ವ್ಯತ್ಯಾಸವನ್ನು ತಾವೇ ಗಳಿಸುತ್ತಾರೆ.

ಮನೆಯ ಹಣ, ಅಂಗಡಿಯ ಹಣ

ಈ ಲೆಕ್ಕವನ್ನು ತೊಗರಿಬೇಳೆಯ ಮೇಲೆ ಇಟ್ಟು ನೋಡೋಣ. ಅಂಕಿಗಳು ಕೇವಲ ಉದಾಹರಣೆಗೆ. ಓದುಗರು ತಮ್ಮ ಊರಿನ ಧಾರಣೆಯನ್ನೂ ತಮ್ಮ ಬ್ಯಾಂಕಿನ ಬಡ್ಡಿದರವನ್ನೂ ಹಾಕಿಕೊಳ್ಳಬಹುದು. ಒಂದು ಕುಟುಂಬಕ್ಕೆ ತಿಂಗಳಿಗೆ 3 ಕಿಲೋ ಬೇಳೆ ಬೇಕೆಂದರೆ ವರ್ಷಕ್ಕೆ 36 ಕಿಲೋ. ಸುಗ್ಗಿಯ ಬೆಲೆ ಕಿಲೋಗೆ 120 ರೂ. ಇದ್ದರೆ ಒಟ್ಟು 4,320 ರೂ. ಬೇಳೆ ತಿಂಗಳು ತಿಂಗಳಿಗೆ ಕರಗುತ್ತ ಹೋಗುವುದರಿಂದ ವರ್ಷವಿಡೀ ಸರಾಸರಿಯಾಗಿ ಕಟ್ಟಿಬೀಳುವ ಹಣ ಅದರ ಅರ್ಧ, ಎಂದರೆ 2,160 ರೂ.

ಈ ಬೇಳೆ ಅಂಗಡಿಯ ಗೋದಾಮಿನಲ್ಲಿ ಕುಳಿತರೆ, ದುಡಿಯುವ ಬಂಡವಾಳಕ್ಕೆ ಶೇ. 12 ಬಡ್ಡಿ ಕಟ್ಟುವ ವರ್ತಕನಿಗೆ ಸುಮಾರು 259 ರೂ. ಖರ್ಚು ಬೀಳುತ್ತದೆ. ಎಂದರೆ ಕಿಲೋಗೆ 7 ರೂ. 20 ಪೈಸೆ. ಅದೇ ಬೇಳೆ ಗಿರಾಕಿಯ ಮನೆಯಲ್ಲಿ ಕುಳಿತರೆ, ಆತ ಕಳೆದುಕೊಳ್ಳುವುದು ಉಳಿತಾಯ ಖಾತೆಯ ಬಡ್ಡಿಯನ್ನು ಮಾತ್ರ. ಅದನ್ನು ಶೇ. 3 ಎಂದು ಹಿಡಿದರೆ 65 ರೂ.ಗಿಂತ ಕಡಿಮೆ, ಕಿಲೋಗೆ 1 ರೂ. 80 ಪೈಸೆ. ಒಂದೇ ಬೇಳೆ, ಒಂದೇ ವರ್ಷ. ಆದರೆ ಅದನ್ನು ಇಟ್ಟುಕೊಳ್ಳುವ ವೆಚ್ಚದಲ್ಲಿ ಕಿಲೋಗೆ 5 ರೂ. 40 ಪೈಸೆಯ ಅಂತರ. ಗೋದಾಮಿನ ಬಾಡಿಗೆ, ಇಲಿ ಹೆಗ್ಗಣದ ನಷ್ಟ, ಎರಡು ಬಾರಿಯ ಹಮಾಲಿಯನ್ನು ಇನ್ನೂ ಸೇರಿಸಿಲ್ಲ.

ವರ್ತಕನು ಸುಗ್ಗಿಯಲ್ಲಿ ಒಟ್ಟಿಗೆ ಕೊಳ್ಳುವ ಮನೆಗೆ ಕಿಲೋಗೆ 3 ರೂ. ಬಿಟ್ಟುಕೊಟ್ಟರೆ ಗಿರಾಕಿಗೆ ಬಡ್ಡಿ ಕಳೆದು 1 ರೂ. 20 ಪೈಸೆ ಉಳಿಯುತ್ತದೆ, ಅಂಗಡಿಗೆ 4 ರೂ. 20 ಪೈಸೆ ಉಳಿಯುತ್ತದೆ. ಇನ್ನೂರು ಮನೆಗಳ ಗಿರಾಕಿಯಿರುವ ಅಂಗಡಿಗೆ ಇದು 7,200 ಕಿಲೋ ಬೇಳೆಯ ಪ್ರಶ್ನೆ. ಉಳಿತಾಯ ಮೂವತ್ತು ಸಾವಿರ ರೂ. ದಾಟುತ್ತದೆ. ಅಲ್ಪಲಾಭದ ಕಿರಾಣಿ ವ್ಯಾಪಾರದಲ್ಲಿ ಇದು ಕಡೆಗಣಿಸುವ ಮೊತ್ತವಲ್ಲ. ಹಳೆಯ ತಲೆಮಾರಿನ ವರ್ತಕರು ಸುಗ್ಗಿಯ ಗಿರಾಕಿಗೆ ಕೇಳದೆಯೇ ಒಂದು ಸೇರು ಬೆಲ್ಲ ಮೇಲೆ ಹಾಕುತ್ತಿದ್ದುದರ ಹಿಂದೆ ಔದಾರ್ಯದ ಜೊತೆಗೆ ಈ ಲೆಕ್ಕವೂ ಇದ್ದಿರಬೇಕು.

ಬೆಲೆ ಏರಿಕೆಯ ಲಾಭವನ್ನು ಇಲ್ಲಿ ಉದ್ದೇಶಪೂರ್ವಕವಾಗಿ ಸೇರಿಸಿಲ್ಲ. ದಾಸ್ತಾನು ಮಾಡಿದವನಿಗೆ ಬೆಲೆ ಸದಾ ಏರುತ್ತದೆಂಬ ನಂಬಿಕೆ ಅಪಾಯಕಾರಿ. 2015ರ ಅಕ್ಟೋಬರ್‌ನಲ್ಲಿ ತೊಗರಿಬೇಳೆ ಚಿಲ್ಲರೆಯಲ್ಲಿ ಕಿಲೋಗೆ 200 ರೂ. ಆಸುಪಾಸಿಗೆ ಮುಟ್ಟಿದಾಗ, ಸುಗ್ಗಿಯಲ್ಲೇ ಕೊಂಡಿದ್ದ ಮನೆಗಳು ನೆಮ್ಮದಿಯಾಗಿದ್ದವು. 2022-23ರ ಹಂಗಾಮಿನಲ್ಲಿ ಕಲಬುರಗಿ ಭಾಗದ ತೊಗರಿಗೆ ನೆಟೆರೋಗ ತಗುಲಿ, ಮುಂದಿನ ತಿಂಗಳುಗಳಲ್ಲಿ ಧಾರಣೆ ಏರಿದಾಗಲೂ ಹಾಗೆಯೇ ಆಯಿತು. ಆದರೆ 2024ರ ಮಧ್ಯದಲ್ಲಿ, ಬೆಲೆ ಇನ್ನೂ ಮೇಲೇರುತ್ತದೆಂದು ದಾಸ್ತಾನು ಹಾಕಿದವರು 2025ರ ಸುಗ್ಗಿಯಲ್ಲಿ ತೊಗರಿ ಧಾರಣೆ ಕನಿಷ್ಠ ಬೆಂಬಲ ಬೆಲೆಯಾದ ಕ್ವಿಂಟಲ್‌ಗೆ 7,550 ರೂ.ಗಿಂತಲೂ ಕೆಳಗಿಳಿದುದನ್ನು ಕಂಡರು. ರಾಜ್ಯ ಸರ್ಕಾರ ಅದರ ಮೇಲೆ 450 ರೂ. ಪ್ರೋತ್ಸಾಹಧನ ಘೋಷಿಸಬೇಕಾಯಿತು. ಮೆಣಸಿನಕಾಯಿಯದ್ದೂ ಅದೇ ಪಾಠ. 2023ರಲ್ಲಿ ಗಗನಕ್ಕೇರಿದ್ದ ಬ್ಯಾಡಗಿಯ ಧಾರಣೆ ಮರುವರ್ಷ ಕುಸಿದು, 2024ರ ಮಾರ್ಚ್ 11ರ ಸೋಮವಾರ ರೈತರ ಆಕ್ರೋಶ ಹಿಂಸೆಗೆ ತಿರುಗಿ ಮಾರುಕಟ್ಟೆ ಸಮಿತಿಯ ಕಚೇರಿಗೆ ಹಾನಿಯಾಯಿತು, ವಾಹನಗಳು ಬೆಂಕಿಗೆ ಆಹುತಿಯಾದವು.

ಗೃಹಸ್ಥನಿಗೂ ಸಟ್ಟಾ ವ್ಯಾಪಾರಿಗೂ ಇರುವ ವ್ಯತ್ಯಾಸ ಇಲ್ಲಿದೆ. ಬೆಲೆ ಇಳಿದರೂ ಗೃಹಸ್ಥ ತನ್ನ ಬೇಳೆಯನ್ನು ತಿಂದೇ ಮುಗಿಸುತ್ತಾನೆ. ಅವನ ದಾಸ್ತಾನಿಗೆ ಮಾರಾಟದ ಒತ್ತಡವಿಲ್ಲ.

ಇಡಬಹುದಾದದ್ದು, ಇಡಬಾರದ್ದು

ಯಾವ ಪದಾರ್ಥ ಎಷ್ಟು ಕಾಲ ನಿಲ್ಲುತ್ತದೆ ಎಂಬ ತಿಳಿವಳಿಕೆಯೇ ಈ ವ್ಯಾಪಾರದ ಜೀವಾಳ. ಅಂಗಡಿಯವನು ಇದನ್ನು ಗಿರಾಕಿಗೆ ಹೇಳದೆ ಹೋದರೆ ಮುಂದಿನ ವರ್ಷ ಆ ಗಿರಾಕಿ ಒಂದೊಂದು ಕಿಲೋದ ಪೊಟ್ಟಣಕ್ಕೆ ಇಳಿಯುತ್ತಾನೆ, ಅದೂ ಬೇರೆ ಅಂಗಡಿಯಲ್ಲಿ.

ರಾಗಿ ಎಲ್ಲಕ್ಕಿಂತ ಗಟ್ಟಿ. ಕಾಳು ಬಹಳ ಸಣ್ಣದಾದ್ದರಿಂದ ಕೊರೆಯುವ ಹುಳುವಿಗೆ ಒಳಗೆ ಜಾಗ ಸಿಗುವುದಿಲ್ಲ. ಆದರೆ ಅದೇ ರಾಗಿಯನ್ನು ಹಿಟ್ಟು ಮಾಡಿಸಿದ ಕೂಡಲೇ ಆಯುಷ್ಯ ತಿಂಗಳುಗಳಿಂದ ವಾರಗಳಿಗೆ ಇಳಿಯುತ್ತದೆ. ಹಿಟ್ಟಿನೊಳಗಿನ ಜಿಡ್ಡು ಗಾಳಿಗೆ ತೆರೆದು ಕಮಟು ವಾಸನೆ ಹಿಡಿಯುತ್ತದೆ. ಗೋಧಿಹಿಟ್ಟು, ರವೆ, ಕಡಲೆಹಿಟ್ಟುಗಳದ್ದೂ ಇದೇ ಪಾಡು. ರವೆಯನ್ನು ಹುರಿದಿಟ್ಟರೆ ಸ್ವಲ್ಪ ಹೆಚ್ಚು ದಿನ ಬಾಳುತ್ತದೆ. ಕಾಳಾಗಿ ಇಡಬೇಕು, ಹಿಟ್ಟಾಗಿ ಇಡಬಾರದು ಎಂಬುದು ಅಕ್ಕಪಕ್ಕದಲ್ಲೇ ಗಿರಣಿಯಿದ್ದ ಕಾಲದ ಜಾಣತನ.

ಬೇಳೆಕಾಳುಗಳಲ್ಲಿ ಮಾತ್ರ ಇದು ತಿರುಗುಮುರುಗು. ಇಡೀ ಕಾಳಿನ ಸಿಪ್ಪೆಯ ಮೇಲೆ ದುಂಬಿ ಮೊಟ್ಟೆಯಿಟ್ಟು, ಮರಿಹುಳು ಒಳಹೊಕ್ಕು ತೂತು ಕೊರೆಯುತ್ತದೆ. ಹೆಸರುಕಾಳು, ಅಲಸಂದೆ, ಕಡಲೆಗಳನ್ನು ಮಳೆಗಾಲದಲ್ಲಿ ನೋಡಿದವರಿಗೆಲ್ಲ ಇದು ಗೊತ್ತು. ಸಿಪ್ಪೆ ತೆಗೆದು ಒಡೆದ ಬೇಳೆ ಈ ದುಂಬಿಗೆ ಅಷ್ಟು ಸುಲಭದ ತುತ್ತಲ್ಲ. ಆದ್ದರಿಂದ ವರ್ಷಕ್ಕೆ ಇಡುವುದಾದರೆ ಕಾಳಿಗಿಂತ ಬೇಳೆ ಲೇಸು. ಹರಳೆಣ್ಣೆ ಸವರಿಡುವುದು, ನಡುನಡುವೆ ಬೇವಿನ ಎಲೆ ಅಥವಾ ಬಜೆಯ ಬೇರು ಹಾಕುವುದು ಮನೆಮನೆಯ ರೂಢಿ. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕಲಬುರಗಿಯ ತೊಗರಿಯಂಥ ಮಾಲನ್ನು ಹೆಸರು ಹೇಳಿ ಕೇಳುವ ಗಿರಾಕಿಗಳು, ವರ್ಷದ ಬೇಳೆಯನ್ನು ಜನವರಿ-ಫೆಬ್ರುವರಿಯ ಆವಕದ ನಂತರ ಕೊಂಡು ಬಿಸಿಲಿಗೆ ಹಾಕಿ ತುಂಬಿಡುತ್ತಾರೆ. ಒಣಗಿಸಿದ್ದನ್ನು ಬಿಸಿಯಿದ್ದಾಗಲೇ ಡಬ್ಬಿಗೆ ತುಂಬಿ ಮುಚ್ಚಳ ಬಿಗಿದರೆ ಒಳಗೇ ಬೆವರಿ ಬೂಸಲು ಹಿಡಿಯುತ್ತದೆ. ಪೂರ್ತಿ ಆರಿದ ಮೇಲೆ ತುಂಬಬೇಕು. ಇಷ್ಟು ಸಣ್ಣ ಮಾತನ್ನು ಹೇಳಿ ಕಳಿಸುವ ಅಂಗಡಿಯವನ ಬೇಳೆ ಕೆಡುವುದು ಕಡಿಮೆ.

ಹುಣಸೆ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಬರುತ್ತದೆ; ತುಮಕೂರು ಅದರ ದೊಡ್ಡ ಪೇಟೆ. ಬೀಜ, ನಾರು ತೆಗೆದು, ಉಪ್ಪು ಬೆರೆಸಿ, ಗಾಳಿಯಾಡದಂತೆ ಜಾಡಿಗೆ ಒತ್ತಿ ತುಂಬಿದರೆ ವರ್ಷ ದಾಟುತ್ತದೆ. ಬಣ್ಣ ಕಪ್ಪಾದರೂ ಹಳೆಯ ಹುಣಸೆಯನ್ನೇ ಬಯಸುವವರು ಇದ್ದಾರೆ. ಬೆಲ್ಲ ತದ್ವಿರುದ್ಧ. ಮಂಡ್ಯದ್ದಾಗಲಿ, ಮಹಾಲಿಂಗಪುರದ್ದಾಗಲಿ, ಮಳೆಗಾಲದ ತೇವ ಹೀರಿ ಕರಗತೊಡಗುತ್ತದೆ. ಬೆಲ್ಲವನ್ನು ನಾಲ್ಕು ತಿಂಗಳಿಗಿಂತ ಹೆಚ್ಚು ಮನೆಯಲ್ಲಿಡಲು ಹೇಳದಿರುವುದೇ ಪ್ರಾಮಾಣಿಕತೆ. ಕಡಲೆಬೀಜಕ್ಕೆ ತೇವ ತಗುಲಿದರೆ ಬೂಷ್ಟಿನ ಜೊತೆಗೆ ಅಫ್ಲಟಾಕ್ಸಿನ್ ಎಂಬ ವಿಷವೂ ಹುಟ್ಟುತ್ತದೆ. ಆರಿಸಿ, ತೊಳೆದು ಅದನ್ನು ಹೋಗಲಾಡಿಸಲು ಬರುವುದಿಲ್ಲ. ಕಾಫಿಪುಡಿಯನ್ನು ರಿಯಾಯಿತಿ ಕಂಡು ಕಿಲೋಗಟ್ಟಲೆ ಕೊಂಡವರು ಎರಡನೆಯ ತಿಂಗಳಲ್ಲಿ ಘಮವಿಲ್ಲದ ಕಷಾಯ ಕುಡಿಯುತ್ತಾರೆ. ಹಸಿ ಬೀಜ ತಿಂಗಳುಗಟ್ಟಲೆ ನಿಲ್ಲುತ್ತದೆ, ಹುರಿದ ಬೀಜ ಕೆಲವು ವಾರ, ಪುಡಿ ಇನ್ನೂ ಕಡಿಮೆ.

ಇನ್ನು ಮೆಣಸಿನಕಾಯಿ. 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಬ್ಯಾಡಗಿಯಲ್ಲಿ ಖಾರ ಕಡಿಮೆ, ಬಣ್ಣ ಹೆಚ್ಚು. ನೀಳವಾದ ಕಡ್ಡಿ, ದುಂಡನೆಯ ಡಬ್ಬಿ ಎರಡೂ ತಳಿಗಳಿಗೆ ಅವರವರ ಅಭಿಮಾನಿಗಳಿದ್ದಾರೆ. ಖಾರಕ್ಕೆಂದು ಗುಂಟೂರು ಕಾಯಿಯನ್ನು ಬೆರೆಸುವ ಪ್ರಮಾಣ ಪ್ರತಿ ಮನೆಯ ಗುಟ್ಟು. ಮುಂಬಯಿಯ ಲಾಲ್‌ಬಾಗ್‌ನ ಮೆಣಸಿನಕಾಯಿ ಗಲ್ಲಿಯಲ್ಲೂ ಬೇಸಿಗೆ ಬಂತೆಂದರೆ ವರ್ಷದ ಮಸಾಲೆಗೆ ಸಾಲು ನಿಲ್ಲುವ ಮನೆಮಂದಿ, 'ಬೇಡಗಿ' ಎಂಬ ಹೆಸರಿನಿಂದ ಕೇಳುವುದು ಇದೇ ಕಾಯಿಯನ್ನು. ಕಾಯಿ ಕೊಂಡು, ಹುರಿದು, ಅಲ್ಲೇ ಯಂತ್ರದಲ್ಲಿ ಕುಟ್ಟಿಸಿಕೊಂಡು ಹೋಗುತ್ತಾರೆ. ಮೆಣಸಿನಕಾಯಿಯ ಶತ್ರುಗಳು ಬೆಳಕು, ಬಿಸಿ ಮತ್ತು ತೇವ. ಬಣ್ಣ ಉಳಿಯಬೇಕೆಂದೇ ಬ್ಯಾಡಗಿಯ ಸುತ್ತ ಶೀತಲಗೃಹಗಳು ಎದ್ದಿವೆ. ಮನೆಯಲ್ಲಿ ಕತ್ತಲೆಯ ಮೂಲೆ, ಬಿಗಿ ಮುಚ್ಚಳದ ಡಬ್ಬಿ ಸಾಕು.

ಒಂದು ಎಚ್ಚರಿಕೆಯನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಗೋದಾಮುಗಳಲ್ಲಿ ಹುಳು ಕೊಲ್ಲಲು ಬಳಸುವ ಅಲ್ಯುಮಿನಿಯಂ ಫಾಸ್ಫೈಡ್ ಮಾತ್ರೆಗಳನ್ನು ಗೃಹಬಳಕೆಗೆ ಮಾರುವಂತಿಲ್ಲ. ಅಕ್ಕಿಯ ಡ್ರಮ್ಮಿನಲ್ಲಿ ಅವನ್ನಿಟ್ಟು ಅದೇ ಕೋಣೆಯಲ್ಲಿ ಮಲಗಿದ ಕುಟುಂಬಗಳು ಬೆಳಗಾಗುವುದರೊಳಗೆ ಪ್ರಾಣ ಕಳೆದುಕೊಂಡ ಪ್ರಕರಣಗಳು ದೇಶದಲ್ಲಿ ನಡೆದಿವೆ. ಪರಿಚಯದ ಗಿರಾಕಿಯೆಂದು ಎರಡು ಮಾತ್ರೆ ಕಟ್ಟಿಕೊಡುವುದು ಉಪಕಾರವಲ್ಲ. ಬೋರಿಕ್ ಪುಡಿ ಬೆರೆಸುವ ಅಭ್ಯಾಸವೂ ಒಳ್ಳೆಯದಲ್ಲ. ಅದು ಆಹಾರಕ್ಕೆ ಸೇರಬೇಕಾದ ವಸ್ತುವಲ್ಲ.

ಭಯದ ದಾಸ್ತಾನು

ಇಷ್ಟದ ದಾಸ್ತಾನು ಒಂದಾದರೆ, ಭಯದ ದಾಸ್ತಾನು ಇನ್ನೊಂದು. ಎರಡೂ ಮೇಲ್ನೋಟಕ್ಕೆ ಒಂದೇ ರೀತಿ ಕಾಣುತ್ತವೆ. ವ್ಯಾಪಾರದ ಮೇಲೆ ಅವುಗಳ ಪರಿಣಾಮ ಮಾತ್ರ ವಿರುದ್ಧ. 2020ರ ಮಾರ್ಚ್ 24ರ ರಾತ್ರಿ 8 ಗಂಟೆಗೆ 21 ದಿನಗಳ ಲಾಕ್‌ಡೌನ್ ಘೋಷಣೆಯಾದಾಗ, ಕರ್ನಾಟಕದಲ್ಲಿ ಮರುದಿನ ಯುಗಾದಿ. ಹಬ್ಬದ ಸಾಮಾನಿಗೂ ವರ್ಷದ ದಿನಸಿಗೂ ಜನ ಪೇಟೆಗೆ ಬರುವ ವಾರವದು. ಆ ರಾತ್ರಿ ಅಂಗಡಿಗಳ ಮುಂದೆ ನಿಂತ ಸಾಲುಗಳನ್ನು ಮರೆತ ವರ್ತಕರಿಲ್ಲ. ಆಗಲೇ ವರ್ಷದ ಬೇಳೆ, ಅಕ್ಕಿ ತುಂಬಿಸಿಕೊಂಡಿದ್ದ ಮನೆಗಳು ಆ ಸಾಲಿನಲ್ಲಿರಬೇಕಾದ ಅಗತ್ಯವಿರಲಿಲ್ಲ ಎಂಬುದು ಗಮನಾರ್ಹ. ಮನೆಗಳಲ್ಲಿ ಹಂಚಿಹೋದ ದಾಸ್ತಾನು, ಪೇಟೆಯ ಮೇಲಿನ ಹಠಾತ್ ಒತ್ತಡವನ್ನು ಅಷ್ಟರಮಟ್ಟಿಗೆ ತಗ್ಗಿಸುತ್ತದೆ.

2023ರ ಜುಲೈ 20ರಂದು ಕೇಂದ್ರ ಸರ್ಕಾರ ಬಾಸ್ಮತಿಯೇತರ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿದಾಗ ಇದರ ಇನ್ನೊಂದು ಮುಖ ಅಮೆರಿಕದಲ್ಲಿ ಕಾಣಿಸಿತು. ಅಲ್ಲಿನ ಭಾರತೀಯ ಅಂಗಡಿಗಳ ಮುಂದೆ ಕನ್ನಡಿಗರೂ ತೆಲುಗರೂ ಸೋನಾ ಮಸೂರಿಗಾಗಿ ಸಾಲುಗಟ್ಟಿದರು. ಕುಟುಂಬಕ್ಕೆ ಇಷ್ಟೇ ಚೀಲವೆಂದು ಕೆಲವು ಅಂಗಡಿಗಳು ಮಿತಿ ಹಾಕಿದವು. ಬೇರೆ ದೇಶಗಳ ಅಕ್ಕಿ ಅದೇ ಅಂಗಡಿಯಲ್ಲಿ ಧಾರಾಳವಾಗಿತ್ತು. ಅಭಾವವಿದ್ದದ್ದು ಅನ್ನಕ್ಕಲ್ಲ, ಒಗ್ಗಿದ ಅನ್ನಕ್ಕೆ. ನಿಷೇಧ ತೆರವಾದದ್ದು 2024ರ ಸೆಪ್ಟೆಂಬರ್ 28ರಂದು. ಗಂಗಾವತಿಯ ಅಕ್ಕಿಗಿರಣಿಗಳವರಿಗೆ ಈ ಘಟನೆಯಲ್ಲಿ ಯೋಚಿಸತಕ್ಕದ್ದು ಇದೆ. ಗಿರಾಕಿಯು ಒಂದು ತಳಿಯ ಹೆಸರನ್ನು ಹಿಡಿದು ದಾಸ್ತಾನು ಮಾಡುವಷ್ಟು ಮೆಚ್ಚಿದ್ದಾನೆಂದರೆ, ಆ ಹೆಸರಿನ ಚೀಲದೊಳಗೆ ಬೇರೆ ಅಕ್ಕಿ ಬೆರೆಸುವುದು ಎಂಥ ಆಸ್ತಿಯನ್ನು ಹಾಳುಮಾಡಿದಂತೆ ಎಂಬುದನ್ನು ವಿವರಿಸಬೇಕಾಗಿಲ್ಲ.

ಕಾಯ್ದೆ ಮತ್ತು ತೆರಿಗೆ

1955ರ ಅಗತ್ಯ ವಸ್ತುಗಳ ಕಾಯ್ದೆಯಡಿ ಸರ್ಕಾರವು ಕಾಲಕಾಲಕ್ಕೆ ದಾಸ್ತಾನು ಮಿತಿ ವಿಧಿಸುತ್ತದೆ. 2020ರಲ್ಲಿ ತಂದ ತಿದ್ದುಪಡಿ ಈ ಅಧಿಕಾರವನ್ನು ಸಡಿಲಿಸಿತ್ತಾದರೂ, 2021ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಅದರ ಜಾರಿಯನ್ನು ತಡೆಹಿಡಿಯಿತು. ಅದೇ ವರ್ಷದ ಕೊನೆಯಲ್ಲಿ ಕೃಷಿ ಕಾಯ್ದೆಗಳೊಂದಿಗೆ ಅದೂ ರದ್ದಾಯಿತು. 2023ರ ಜೂನ್ 2ರ ಆದೇಶದಲ್ಲಿ ತೊಗರಿ ಮತ್ತು ಉದ್ದಿಗೆ ಸಗಟು ವರ್ತಕರಿಗೆ 200 ಟನ್, ಚಿಲ್ಲರೆ ಅಂಗಡಿಗೆ 5 ಟನ್ ಮಿತಿ ನಿಗದಿಯಾಗಿತ್ತು. 2024ರ ಜೂನ್‌ನಲ್ಲಿ ತೊಗರಿ ಮತ್ತು ಕಡಲೆಗೆ ಇದೇ ಪ್ರಮಾಣದ ಮಿತಿ ಮತ್ತೆ ಬಂತು.

ಮೇಲಿನ ಉದಾಹರಣೆಯ ಇನ್ನೂರು ಮನೆಗಳ ಬೇಳೆ 7.2 ಟನ್. ಅಷ್ಟನ್ನೂ ತನ್ನ ಮಳಿಗೆಯಲ್ಲೇ ಇಟ್ಟುಕೊಂಡ ಚಿಲ್ಲರೆ ವರ್ತಕನು ಅಂಥ ಆದೇಶ ಬಂದ ದಿನ ಮಿತಿ ಮೀರಿದವನಾಗುತ್ತಾನೆ. ಸುಗ್ಗಿಯಲ್ಲೇ ಮನೆಮನೆಗೆ ತಲುಪಿಸಿದವನು ಆಗುವುದಿಲ್ಲ. ಈ ಆದೇಶಗಳು ಹೆಸರಿಸಿದ್ದು ವರ್ತಕರು, ಗಿರಣಿಗಳು, ಆಮದುದಾರರನ್ನೇ ಹೊರತು ಸ್ವಂತ ಬಳಕೆಗೆ ಕೊಂಡ ಗೃಹಸ್ಥರನ್ನಲ್ಲ. ಆದರೆ ಮಾರಾಟ ನಿಜವಾದ ಮಾರಾಟವಾಗಿರಬೇಕು. ಗಿರಾಕಿಯ ಹೆಸರಿನಲ್ಲಿ ಬಿಲ್ಲು ಹರಿದು ಮಾಲನ್ನು ತನ್ನ ಗೋದಾಮಿನಲ್ಲೇ ಇಟ್ಟುಕೊಂಡರೆ ತಪಾಸಣೆಗೆ ಬಂದ ಅಧಿಕಾರಿ ಅದನ್ನು ಒಪ್ಪಬೇಕೆಂದೇನಿಲ್ಲ.

ತೆರಿಗೆಯ ವಿಷಯದಲ್ಲಿ ಒಂದು ವಿಚಿತ್ರ ನಡೆದದ್ದುಂಟು. 2022ರ ಜುಲೈ 18ರಿಂದ 25 ಕಿಲೋವರೆಗಿನ ಮುದ್ರಿತ ಪೊಟ್ಟಣಗಳ ಅಕ್ಕಿ, ಬೇಳೆ, ಹಿಟ್ಟುಗಳಿಗೆ ಶೇ. 5 ಜಿ.ಎಸ್.ಟಿ. ವಿಧಿಸಲಾಯಿತು, ಅದಕ್ಕೆ ಮೇಲ್ಪಟ್ಟ ಚೀಲಗಳಿಗೆ ಇಲ್ಲ. ಪರಿಣಾಮವಾಗಿ, 25 ಕಿಲೋ ಅಕ್ಕಿಯ ಚೀಲ ಹಲವು ಗಿರಣಿಗಳಲ್ಲಿ ರಾತ್ರೋರಾತ್ರಿ 26 ಕಿಲೋ ಆಯಿತು. ಸಣ್ಣ ಪೊಟ್ಟಣ ಕೊಳ್ಳುವ ಬಡವನಿಗೆ ತೆರಿಗೆ, ದೊಡ್ಡ ಚೀಲ ಇಡಲು ಜಾಗವಿರುವವನಿಗೆ ವಿನಾಯಿತಿ ಎಂಬ ಟೀಕೆಯಲ್ಲಿ ಹುರುಳಿದೆ. ತೆರೆದ ಮೂಟೆಯಿಂದ ಬಿಡಿಯಾಗಿ ತೂಗಿ ಕೊಟ್ಟರೆ ತೆರಿಗೆಯಿಲ್ಲವೆಂಬ ಸ್ಪಷ್ಟನೆಯೂ ಬಂತು. ದೊಡ್ಡ ಚೀಲದೊಳಗೆ 10 ಕಿಲೋದ ಪೊಟ್ಟಣಗಳನ್ನು ತುಂಬಿ ವಿನಾಯಿತಿ ಕೇಳಿದರೆ ಮಾತ್ರ ಸಿಗುವುದಿಲ್ಲ.

ಅಂಗಡಿಯವರಿಗೂ ಸಣ್ಣ ಉದ್ಯಮಿಗಳಿಗೂ

ಹಳೆಯ ಪದ್ಧತಿ ಹಾಗೆಯೇ ಮರಳಿ ಬರುವುದೆಂದು ನಿರೀಕ್ಷಿಸಲಾಗದು. ಎರಡು ಕೋಣೆಯ ಫ್ಲ್ಯಾಟಿನಲ್ಲಿ ಅಟ್ಟವಿಲ್ಲ, ಬೇಳೆ ಒಣಗಿಸಲು ಅಂಗಳವಿಲ್ಲ. ಗಂಡಹೆಂಡಿರಿಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಕಾಗೆ ಓಡಿಸಲು ಅಜ್ಜಿಯೂ ಇಲ್ಲ. ಕಡಿಮೆಯಾದದ್ದು ದಾಸ್ತಾನಿನ ಆಸೆಯಲ್ಲ, ಅದಕ್ಕೆ ಬೇಕಾದ ಬಿಸಿಲು ಮತ್ತು ಕೈಗಳು. ಅವನ್ನು ಒದಗಿಸುವವರಿಗೆ ವ್ಯಾಪಾರವಿದೆ. ಬೇಳೆಯನ್ನು ಆರಿಸಿ, ಒಣಗಿಸಿ, ಗಾಳಿಯಾಡದ 5 ಕಿಲೋ ಚೀಲಗಳಲ್ಲಿ ತುಂಬಿ ಕೊಡುವ ಸಣ್ಣ ಘಟಕ. ಗಿರಾಕಿ ಆರಿಸಿದ ಕಾಯಿಯನ್ನೇ ಹುರಿದು ಕುಟ್ಟಿಕೊಡುವ ಗಿರಣಿ. ಮಂಚದ ಕೆಳಗೆ ಸರಿಯುವಂಥ ಚಪ್ಪಟೆ ಉಕ್ಕಿನ ಡಬ್ಬಿ ತಯಾರಿಸುವ ಕಾರ್ಯಾಗಾರ: ಇವುಗಳಿಗೆ ಬೇಕಾದ ಬಂಡವಾಳ ದೊಡ್ಡದಲ್ಲ. ವರ್ಷಕ್ಕೆ ಒಂದು ಸಲ ಎಂಬುದನ್ನು ಮೂರು ತಿಂಗಳಿಗೊಮ್ಮೆ ಎಂದು ಬದಲಿಸಿದರೂ ಮೇಲಿನ ಬಡ್ಡಿಯ ಲೆಕ್ಕದ ಸಣ್ಣ ಪಾಲಾದರೂ ಉಳಿಯುತ್ತದೆ.

ತಿಂಗಳು ತಿಂಗಳು ಮುಂಗಡ ಕಟ್ಟಿಸಿಕೊಂಡು ಹಬ್ಬಕ್ಕೆ ದಿನಸಿ ಕೊಡುವ ಚೀಟಿ ಯೋಜನೆಗಳು ಕೆಲವೆಡೆ ನಡೆಯುತ್ತಿವೆ. ಹಣ ಕೂಡಿದ ಮೇಲೆ ಅಂಗಡಿಗೆ ಬೀಗ ಜಡಿದು ಹೋದವರಿಂದಾಗಿ ಪ್ರಾಮಾಣಿಕರಿಗೂ ಕೆಟ್ಟ ಹೆಸರು ಬಂದಿದೆ. ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ 2019ರ ಕಾಯ್ದೆ ಜಾರಿಯಲ್ಲಿರುವುದರಿಂದ, ಮುಂಗಡ ಪಡೆಯುವ ಮೊದಲು ತಮ್ಮ ಲೆಕ್ಕಪರಿಶೋಧಕರನ್ನು ವಿಚಾರಿಸುವುದು ಕ್ಷೇಮ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಮಾದರಿಯ ಪ್ರಶ್ನೆ. ಒಂದು ಕಿಲೋ ಕೊಂಡವನಿಗೆ ಮಾಲು ಹಿಡಿಸದಿದ್ದರೆ ಮುಂದಿನ ವಾರ ಅಂಗಡಿ ಬದಲಿಸುತ್ತಾನೆ, ಅಷ್ಟೇ. ಎಂಟು ಕಿಲೋ ಮೆಣಸಿನಕಾಯಿ ಕೊಂಡವಳಿಗೆ ಹಾಗಾಗುವುದಿಲ್ಲ. ಶೀತಲಗೃಹದಲ್ಲಿದ್ದ ಹಿಂದಿನ ವರ್ಷದ ಕಾಯಿಯನ್ನು ಹೊಸದೆಂದು ಹೇಳಿ ಕೊಟ್ಟಿದ್ದರೆ, ಮೇಲೆ ಬಣ್ಣ ಹಾಯಿಸಿದ್ದರೆ, ತೂಕ ಬರಲೆಂದು ನೀರು ಚಿಮುಕಿಸಿದ್ದರೆ ಅದು ಆ ಮನೆಯ ಊಟದಲ್ಲಿ ಹನ್ನೆರಡು ತಿಂಗಳು ದಿನವೂ ನೆನಪಾಗುತ್ತದೆ. ನೀರು ಚಿಮುಕಿಸಿದ ಕಾಯಿಗೆ ಆಷಾಢದಲ್ಲಿ ಬೂಸಲು ಬರುತ್ತದೆ, ಮತ್ತು ಅದನ್ನು ಮರಳಿಸಲು ಅಷ್ಟು ಹೊತ್ತಿಗೆ ದಾರಿಯಿರುವುದಿಲ್ಲ. ವರ್ಷದ ಖರೀದಿ ಮಾಡುವ ಗಿರಾಕಿಯು ವರ್ತಕನ ಮಾತಿನ ಮೇಲೆ ಒಂದು ವರ್ಷದ ಸಾಲ ಕೊಡುತ್ತಾಳೆ. ತೂಗುವ ಮುನ್ನ ನೂರು ಗ್ರಾಂ ಮಾದರಿಯನ್ನು ಮನೆಗೆ ಕಳಿಸಿ, ಅಡುಗೆ ಮಾಡಿ ನೋಡಿದ ಮೇಲೆ ಉಳಿದದ್ದನ್ನು ಅದೇ ಮೂಟೆಯಿಂದ ಕೊಡುವ ಅಂಗಡಿಗಳು ಈಗಲೂ ಕೆಲವು ಊರುಗಳಲ್ಲಿವೆ. ಮೂಟೆಯ ಮೇಲೆ ಗಿರಾಕಿಯ ಹೆಸರು ಬರೆದು, ಮಾದರಿಯ ಒಂದು ಹಿಡಿಯನ್ನು ಅಂಗಡಿಯಲ್ಲೂ ಚೀಟಿ ಅಂಟಿಸಿ ಇಟ್ಟುಕೊಂಡರೆ, ಮಳೆಗಾಲದಲ್ಲಿ ದೂರು ಬಂದಾಗ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬಹುದು.

ಇದಕ್ಕೆಲ್ಲ ಸಿದ್ಧತೆ ಯುಗಾದಿಯ ವಾರದಲ್ಲಿ ಆರಂಭಿಸಿದರೆ ತಡವಾಗುತ್ತದೆ. ತೊಗರಿಯ ಆವಕ ಡಿಸೆಂಬರ್‌ನಲ್ಲಿ ತೊಡಗಿ ಫೆಬ್ರುವರಿಯ ಹೊತ್ತಿಗೆ ಹೊಸ ಬೇಳೆ ಗಿರಣಿಗಳಿಂದ ಹೊರಬೀಳುತ್ತದೆ. ಬ್ಯಾಡಗಿಗೆ ಕಾಯಿ ಜನವರಿಯಿಂದ ಏರತೊಡಗುತ್ತದೆ. ಹುಣಸೆ ಅದರ ಬೆನ್ನಿಗೇ ಬರುತ್ತದೆ. ಯಾವ ಮನೆಗೆ ಯಾವ ಕಾಯಿ, ಎಷ್ಟು ಬೇಳೆ, ಕಳೆದ ವರ್ಷದ್ದು ಎಷ್ಟು ಉಳಿದಿದೆ ಎಂದು ಗಿರಾಕಿಗಳನ್ನು ವಿಚಾರಿಸಿ ಚೀಟಿ ಬರೆದುಕೊಳ್ಳಲು ಸಂಕ್ರಾಂತಿ ಎಳ್ಳು-ಬೆಲ್ಲದ ಸಾಮಾನಿಗೆ ಅವರು ಅಂಗಡಿಗೆ ಬಂದೇ ಬರುವ ವಾರವೇ ಸೂಕ್ತ.